ಹಿತ್ತಾಳೆ ಚೊಂಬು ಪ್ಲಾಸ್ಟಿಕ್ಕಿನಂತೆ ಕಾಣುವುದೇಕೆ?

ಪ್ರಶ್ನೆ: ಟ್ಯಾಬ್ಲೆಟ್‌ನಲ್ಲಿ ಹಿತ್ತಾಳೆ ಚೊಂಬಿನ ಚಿತ್ರ ಬರೆಯುತ್ತಿದ್ದೇನೆ. ಹಳದಿ ತುಂಬಿ, ಅಂಚಿಗೆ ನೆರಳು ಕೊಟ್ಟು, ನಡುವೆ ಬಿಳಿ ಹೊಳಪಿಟ್ಟರೂ ಪ್ಲಾಸ್ಟಿಕ್ ಚೊಂಬಿನ ಹಾಗೇ ಇದೆ. ಯಾವ ಹಳದಿ ಬಳಸಬೇಕು?

ತಪ್ಪು ಹಳದಿಯದಲ್ಲ. ನೀವು ಬರೆದಿರುವುದು ಪ್ಲಾಸ್ಟಿಕ್ಕನ್ನೇ, ಅದೂ ಚೆನ್ನಾಗಿಯೇ! ಪ್ಲಾಸ್ಟಿಕ್ಕನ್ನು ನೇರವಾಗಿ ನೋಡಿದರೆ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ಮಾತ್ರ ಕನ್ನಡಿಯಲ್ಲಿ ಆದಂತೆ ವಾಪಸಾಗುತ್ತದೆ. ಉಳಿದದ್ದು ಒಳಹೊಕ್ಕು, ಅಲ್ಲಿನ ಬಣ್ಣ ಹತ್ತಿಸಿಕೊಂಡು, ಎಲ್ಲ ದಿಕ್ಕಿಗೂ ಚದುರಿ ಹೊರಬರುತ್ತದೆ. ಮೆತ್ತನೆಯ ನೆರಳು, ಬಿಳಿ ಹೊಳಪು ಬರುವುದು ಇದರಿಂದ. ಲೋಹದಲ್ಲಿ ಹಾಗೆ ಒಳಗೆ ಹೋಗಿ ಬರುವ ಬೆಳಕಿಲ್ಲ, ಇರುವುದೆಲ್ಲ ಪ್ರತಿಫಲನವೇ. ಹಿತ್ತಾಳೆ ನೀಲಿಯನ್ನು ಹೆಚ್ಚು ನುಂಗುವುದರಿಂದ ಆ ಪ್ರತಿಫಲನ ಹಳದಿಗೆ ತಿರುಗುತ್ತದೆ, ಅಷ್ಟೆ. ಆದ್ದರಿಂದ ಹೊಳಪೂ ತಿಳಿ ಹಳದಿಯೇ ಆಗಿರಬೇಕು. ಅದರ ನಟ್ಟನಡುವೆ ಚುಕ್ಕೆಯಷ್ಟು ಬಿಳಿ ಬಂದರೆ ಅಡ್ಡಿಯಿಲ್ಲ.

ಅಂದರೆ ನೀವು ಬರೆಯಬೇಕಾದದ್ದು ಚೊಂಬನ್ನಲ್ಲ, ಚೊಂಬಿನಲ್ಲಿ ಬಗ್ಗಿ ಕೂತಿರುವ ಕೋಣೆಯನ್ನು. ಹುಣಸೆಹಣ್ಣು ಹಾಕಿ ಬೆಳಗಿದ ಚೊಂಬೊಂದನ್ನು ಕಿಟಕಿಯ ಹತ್ತಿರ ಇಟ್ಟು ನೋಡಿ. ಹೊಟ್ಟೆಯ ಮೇಲ್ಭಾಗದಲ್ಲಿ ಸೂರು ಮತ್ತು ಪುಟ್ಟದಾಗಿ ಬಾಗಿದ ಕಿಟಕಿ, ಕೆಳಭಾಗದಲ್ಲಿ ನೆಲ. ಕಂಠದಲ್ಲಿ ಈ ಕ್ರಮ ತಲೆಕೆಳಗು: ಭುಜದ ಹತ್ತಿರ ಸೂರು, ಬಾಯಿಯ ಅಂಚಿನ ಕೆಳಗೆ ನೆಲ. ಅಲ್ಲಿ ಮೈ ಒಳಕ್ಕೆ ಬಾಗಿರುವುದೇ ಕಾರಣ. ಹೆಚ್ಚಿನವರು ಎಡವುವುದು ಇಲ್ಲೇ. ಹೊಟ್ಟೆಗೆ ಹಾಕಿದ ನೆರಳನ್ನೇ ಕಂಠಕ್ಕೂ ಎಳೆದುಬಿಡುತ್ತಾರೆ.

ಇನ್ನೊಂದು ವಿಷಯವನ್ನೂ ಗಮನಿಸಿ. ಅತಿ ಬೆಳಕಿನ ಪಟ್ಟಿಯ ಪಕ್ಕದಲ್ಲೇ ಕಾಫಿಪುಡಿಯಷ್ಟು ಗಾಢವಾದ ಕಂದು ಇರುತ್ತದೆ, ನಡುವೆ ಬಣ್ಣ ಕರಗಿ ಬೆರೆಯುವುದಿಲ್ಲ. ಹಾಗಾಗಿ ಏರ್‌ಬ್ರಷ್ ಪಕ್ಕಕ್ಕಿಡಿ, ಗಟ್ಟಿ ಅಂಚಿನ ಬ್ರಷ್ ಹಿಡಿಯಿರಿ. ಮೊದಲು ಬೂದು ಬಣ್ಣದಲ್ಲೇ ಕಪ್ಪು-ಬಿಳುಪಿನ ಪಟ್ಟಿಗಳನ್ನು ಹಾಕಿ. ಬೂದಿನಲ್ಲೇ ಅದು ಸ್ಟೀಲ್ ಚೊಂಬಿನಂತೆ ಕಂಡರೆ ಮುಕ್ಕಾಲು ಕೆಲಸ ಮುಗಿಯಿತು. ಮೇಲೊಂದು ಲೇಯರ್‌ನಲ್ಲಿ ಹಳದಿ ಕೊಟ್ಟರೆ ಹಿತ್ತಾಳೆ, ಕೆಂಪು ಬೆರೆಸಿದರೆ ತಾಮ್ರ. ಕೆಳಗಿನ ಬಣ್ಣವನ್ನು ಝಗ್ಗನೆ ಬೆಳಗಿಸುವ ಕಲರ್ ಡಾಡ್ಜ್ ಎಂಬ ಲೇಯರ್ ಮೋಡ್ ಕೊನೆಗಿರಲಿ, ಒಂದೆರಡು ಕಡೆ ಮಾತ್ರ. ಅದರ ಆಸೆಗೆ ಬಿದ್ದವರ ಚೊಂಬು ಬಲ್ಬಿನಂತೆ ಉರಿಯತೊಡಗುತ್ತದೆ.

ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದು ಮಂಕಾದ ಚೊಂಬಾದರೆ ಲೆಕ್ಕವೇ ಬೇರೆ. ಅಲ್ಲಿ ಕಿಟಕಿ ಕಾಣಬಾರದು. ಪಟ್ಟಿಗಳ ಅಂಚನ್ನು ಸ್ಮಜ್ ಮಾಡಿ ಮಬ್ಬಾಗಿಸಿ, ಕಂಠದ ಸಂದಿಯಲ್ಲಿ ಕಿಲುಬಿನ ಹಸಿರನ್ನು ಹೊಳಪಿಲ್ಲದೆ ಚಪ್ಪಟೆಯಾಗಿ ಇಡಿ. ಕಿಲುಬು ಲೋಹವಲ್ಲವಲ್ಲ, ಅದಕ್ಕೆ ನಿಮ್ಮ ಹಳೆಯ ಮೆತ್ತನೆಯ ನೆರಳೇ ಸರಿಹೋಗುತ್ತದೆ.