ಹಲ್ಲು ಬೆಳ್ಳಗೆ ಮಾಡುವ ಮೊದಲು: ಬಣ್ಣ ಎಲ್ಲಿ ಕೂತಿದೆ?

ದಾವಣಗೆರೆಯಲ್ಲಿ ನನ್ನ ಇಂಟರ್ನ್‌ಶಿಪ್ ಶುರುವಾದ ಹೊಸತು. ಜಗಳೂರು ಕಡೆಯ ಹಳ್ಳಿಯಿಂದ ಒಬ್ಬಳು ಹುಡುಗಿ ತಾಯಿಯ ಜೊತೆ ಬಂದಿದ್ದಳು. ಇಪ್ಪತ್ತೆರಡು ವಯಸ್ಸು. ಮಾತಾಡುವಾಗೆಲ್ಲ ವೇಲಿನ ಅಂಚು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ತಾಯಿಯೇ ಹೇಳಿದರು: "ಮೇಡಂ, ಇವಳ ಹಲ್ಲು ಬೆಳ್ಳಗೆ ಮಾಡಿಕೊಡ್ರಿ. ಮುಂದಿನ ತಿಂಗಳು ನೋಡೋಕೆ ಬರ್ತಾರೆ. ಎಷ್ಟು ಉಜ್ಜಿದ್ರೂ ಹೋಗಲ್ಲ ನೋಡ್ರಿ."

ನಾನು ಕೇಸ್ ಶೀಟಿನಲ್ಲಿ 'ಬ್ಲೀಚಿಂಗ್' (ಜೆಲ್ ಹಚ್ಚಿ ಹಲ್ಲಿನ ಬಣ್ಣ ತಿಳಿ ಮಾಡುವುದು) ಅಂತ ಬರೆಯಲು ಪೆನ್ ತೆಗೆದಿದ್ದೆ. ಹಿಂದೆ ನಿಂತಿದ್ದ ನಮ್ಮ ಸರ್ ಹಲ್ಲನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಎಂಟು ವರ್ಷದ ತನಕ ಯಾವ ನೀರು ಕುಡಿದಿದ್ದಮ್ಮಾ?" "ಬೋರ್ ನೀರು ಸರ್," ಅಂದಳು. ಅಲ್ಲಿಗೆ ನನ್ನ ಪೆನ್ ನಿಂತಿತು.

ಹಲ್ಲು ಬೆಳ್ಳಗೆ ಮಾಡುವ ಪಾಠವನ್ನು ನಾವು ಜೆಲ್‌ನಿಂದ ಶುರು ಮಾಡುತ್ತೇವೆ. ಎಷ್ಟು ಪರ್ಸೆಂಟ್, ಎಷ್ಟು ನಿಮಿಷ, ಎಷ್ಟು ದುಡ್ಡು. ಶುರು ಮಾಡಬೇಕಾದದ್ದು ಬೇರೆ ಕಡೆಯಿಂದ. ಬಣ್ಣ ಹಲ್ಲಿನ ಮೇಲೆ ಕೂತಿದೆಯಾ, ಒಳಗೆ ಕೂತಿದೆಯಾ? ಇದು ಗೊತ್ತಾದರೆ ಯಾವ ಚಿಕಿತ್ಸೆ, ಎಷ್ಟು ಖರ್ಚು, ಎಲ್ಲಿ ಅಪಾಯ ಅನ್ನುವುದು ಹೆಚ್ಚುಕಮ್ಮಿ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ನನ್ನ ಜೂನಿಯರ್‌ಗಳಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳಬೇಕು ಅಂದುಕೊಂಡವರೂ ಓದಬಹುದು.

ಮೇಲಿನ ಕಲೆ

ಹಲ್ಲಿನ ಹೊರಪದರ ಎನಾಮೆಲ್ ಅಂದರೆ ಸುಣ್ಣ ಬಳಿದ ಗೋಡೆ ಅಲ್ಲ. ಅದು ಮಂಜುಗಾಜಿನ ಹಾಗೆ ಬೆಳಕನ್ನು ಒಳಗೆ ಬಿಡುತ್ತದೆ. ಅದರ ಕೆಳಗಿನ ಡೆಂಟಿನ್ ಹಳದಿ. ಆ ಹಳದಿ ಎನಾಮೆಲ್ ಮೂಲಕ ಹೊರಗೆ ಕಾಣುತ್ತದೆ. ವಯಸ್ಸಾದಂತೆ ಎನಾಮೆಲ್ ಸವೆದು ತೆಳುವಾಗುತ್ತದೆ, ಡೆಂಟಿನ್ ದಪ್ಪವಾಗುತ್ತದೆ, ಹಲ್ಲು ಇನ್ನಷ್ಟು ಹಳದಿಯಾಗುತ್ತದೆ. ಇದು ಕಾಯಿಲೆಯಲ್ಲ. ಸ್ವಲ್ಪ ಹಳದಿ ಇರುವ ಹಲ್ಲೇ ಸಹಜವಾದ ಹಲ್ಲು ಅಂತ ಜನರಿಗೆ ಹೇಳಿ. ಎಷ್ಟೋ ಜನ ಇದನ್ನು ಕೇಳಿಯೇ ಸಮಾಧಾನವಾಗುತ್ತಾರೆ.

ಮೇಲೆ ಕೂತ ಕಲೆ ಬೇರೆ. ಟೀ, ಕಾಫಿ, ಬೀಡಿ, ಎಲೆ ಅಡಿಕೆ ಸುಣ್ಣ, ಕಡ್ಡಿಪುಡಿ, ಗುಟ್ಕಾ ಇವೆಲ್ಲ ಎನಾಮೆಲ್ ಮೇಲಿನ ತೆಳು ಪೊರೆಗೆ, ಪಾಚಿಗೆ ಅಂಟಿಕೊಳ್ಳುತ್ತವೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ವಾರಗಟ್ಟಲೆ ಬಳಸಿದರೂ ಕಂದು ಕಲೆ ಬರುತ್ತದೆ. ಕಬ್ಬಿಣದ ಟಾನಿಕ್ ಕುಡಿದರೂ ಅಷ್ಟೆ. ಇದಕ್ಕೆಲ್ಲ ಬ್ಲೀಚಿಂಗ್ ಬೇಕಿಲ್ಲ. ಸ್ಕೇಲಿಂಗ್ ಮಾಡಿ ಪಾಲಿಶ್ ಮಾಡಿದರೆ ಸಾಕು. ಜನ 'ಕ್ಲೀನಿಂಗ್' ಅನ್ನುವುದು ಇದನ್ನೇ. ಮೊದಲು ಕ್ಲೀನಿಂಗ್ ಮಾಡಿ ಕನ್ನಡಿ ಕೊಟ್ಟು ನೋಡಿ, "ಇಷ್ಟೇ ಸಾಕು" ಅಂತ ಎದ್ದು ಹೋಗುವವರು ತುಂಬಾ ಜನ.

ಇಲ್ಲಿ ಒಂದು ಮಾತು. ನಮ್ಮದು ಅಡಿಕೆ ನಾಡು. ಚನ್ನಗಿರಿ ಕಡೆಯವರು ಅಡಿಕೆ ಬೆಳೆಯುತ್ತಾರೆ, ಅಗಿಯುವವರು ಎಲ್ಲ ಕಡೆ ಇದ್ದಾರೆ. ಕೆಂಪು ಕಲೆಯ ಹಲ್ಲು ತೋರಿಸಿ ಬೆಳ್ಳಗೆ ಮಾಡಿ ಅಂತ ಯಾರಾದರೂ ಬಂದರೆ, ಹಲ್ಲು ನೋಡುವ ಮೊದಲು ಬಾಯಿ ಪೂರ್ತಿ ತೆರೆಸಿ. ಅವರದೇ ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗುತ್ತವಾ ನೋಡಿ. ಕೆನ್ನೆಯ ಒಳಭಾಗ ಬಿಳಿಚಿಕೊಂಡಿದೆಯಾ, ಬೆರಳಿಗೆ ದಾರದ ಹಾಗೆ ಗಟ್ಟಿ ಪಟ್ಟೆ ಸಿಗುತ್ತಾ, ಖಾರ ತಿಂದರೆ ಉರಿ ಬರುತ್ತಾ ಕೇಳಿ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು, ಬಾಯಿಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯಲಾಗದ ಕಾಯಿಲೆ, ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುವ ಸ್ಥಿತಿ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕ ಅಂತ ವರ್ಗೀಕರಿಸಿದೆ. ಹಲ್ಲಿನ ಅಂದಕ್ಕೆ ಅಂತ ಬಂದವರ ಬಾಯಲ್ಲಿ ಇದನ್ನು ಗುರುತಿಸಿದರೆ, ಆ ದಿನ ನೀವು ಮಾಡಿದ ದೊಡ್ಡ ಕೆಲಸ ಅದೇ.

ಒಳಗಿನ ಬಣ್ಣ

ಒಳಗಿನ ಬಣ್ಣಕ್ಕೆ ಕಾರಣ ಹಲವು. ವಯಸ್ಸಿನದು ಮೇಲೆ ಹೇಳಿದೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ, ಅಥವಾ ತಾಯಿ ಬಸುರಿಯಾಗಿದ್ದಾಗ ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ತೆಗೆದುಕೊಂಡಿದ್ದರೆ ಬೂದು, ಕಂದು ಪಟ್ಟೆ ಬರುತ್ತವೆ. ಚಿಕ್ಕಂದಿನಲ್ಲಿ ಪೆಟ್ಟು ಬಿದ್ದು ನರ ಸತ್ತ ಹಲ್ಲು ಒಂದೇ ಒಂದು ಕಪ್ಪಗೆ ಕಾಣುತ್ತದೆ. ಅದಕ್ಕೆ ರೂಟ್ ಕೆನಾಲ್ ಮಾಡಿ ಹಲ್ಲಿನ ಒಳಗಿನಿಂದಲೇ ಬ್ಲೀಚ್ ಮಾಡಬೇಕು. ಬೇರಿನ ಕಡೆಗೆ ಔಷಧಿ ಇಳಿಯದ ಹಾಗೆ ಸುಮಾರು 2 ಮಿಲಿಮೀಟರ್ ಸಿಮೆಂಟಿನ ತಡೆ ಹಾಕುವುದನ್ನು ಮರೆಯಬಾರದು. ಮರೆತರೆ ಬೇರು ಹೊರಗಿನಿಂದ ಕರಗುವ ಅಪಾಯವಿದೆ.

ನಮ್ಮ ಭಾಗದಲ್ಲಿ ಮುಖ್ಯವಾದದ್ದು ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿಗೆ ಬರುವ ಕಲೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಈ ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಜಾಸ್ತಿ. ಬಂಡೆಯೊಳಗಿನ ಖನಿಜದಿಂದ ಅದು ನೀರಿಗೆ ಬಿಟ್ಟುಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಅದನ್ನು ಮೀರಿದ ನೀರನ್ನು ಮಗು ಹಲ್ಲು ರೂಪುಗೊಳ್ಳುವ ವರ್ಷಗಳಲ್ಲಿ ಕುಡಿದರೆ ಎನಾಮೆಲ್ ಗಟ್ಟಿಯಾಗುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಒಳಗೆ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಹಲ್ಲು ಹುಟ್ಟುವಾಗಲೇ ಸುಣ್ಣದ ಹಾಗೆ ಬಿಳಿ ಗೆರೆ ಇರುತ್ತದೆ. ಆಮೇಲೆ ಆ ರಂಧ್ರಗಳಿಗೆ ಹೊರಗಿನ ಬಣ್ಣ ಇಳಿದು ಕಂದಾಗುತ್ತದೆ. ಮುಂದಿನ ಹಲ್ಲುಗಳ ಮಟ್ಟಿಗೆ ಇದೆಲ್ಲ ಚಿಕ್ಕ ವಯಸ್ಸಿನಲ್ಲೇ ಮುಗಿದುಹೋಗುತ್ತದೆ. ದೊಡ್ಡವರಾದ ಮೇಲೆ ಬಂದು ಬೋರ್ ನೀರು ಕುಡಿದರೆ ಹಲ್ಲಿಗೆ ಹೀಗಾಗುವುದಿಲ್ಲ. ಅದಕ್ಕೇ ಸರ್ ಎಂಟು ವರ್ಷದ ಲೆಕ್ಕ ಕೇಳಿದ್ದು.

ಪರೀಕ್ಷೆಗೆ ಫ್ಲೋರೋಸಿಸ್ ಎಷ್ಟು ತೀವ್ರ ಅಂತ ಅಳೆಯುವ ಡೀನ್ ಇಂಡೆಕ್ಸ್ ಬರೆಯುತ್ತೀರಲ್ಲ, 1934ರದ್ದು, 1942ರಲ್ಲಿ ತಿದ್ದಿದ್ದು, ಅದನ್ನು ಇಲ್ಲಿ ನಿಜವಾಗಿ ಬಳಸಿ. ತೆಳು ಬಿಳಿ ಗೆರೆ, ಕಂದು ಕಲೆ ಇದ್ದರೆ ಬ್ಲೀಚಿಂಗ್, ಮೈಕ್ರೋಅಬ್ರೇಶನ್ (ಎನಾಮೆಲ್‌ನ ತೆಳು ಪದರ ಉಜ್ಜಿ ತೆಗೆಯುವುದು) ಕೆಲಸಕ್ಕೆ ಬರುತ್ತವೆ. ಎನಾಮೆಲ್ ಗುಂಡಿ ಬಿದ್ದು ಚಕ್ಕೆ ಎದ್ದಿದ್ದರೆ ಬ್ಲೀಚಿಂಗ್‌ನಿಂದ ಏನೂ ಆಗುವುದಿಲ್ಲ. ಅದಕ್ಕೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್), ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಅಥವಾ ಕ್ಯಾಪ್ ದಾರಿ. ಇನ್ನೊಂದು, ಬ್ಲೀಚಿಂಗ್‌ಗೆ ಕಂದು ಬಣ್ಣ ಬಗ್ಗುತ್ತದೆ, ಬಿಳಿ ಮಚ್ಚೆ ಬಗ್ಗುವುದಿಲ್ಲ. ಮೊದಲ ದಿನಗಳಲ್ಲಿ ಬಿಳಿ ಮಚ್ಚೆ ಇನ್ನೂ ಎದ್ದು ಕಾಣಬಹುದು. ಸುತ್ತಲಿನ ಹಲ್ಲು ಬೆಳ್ಳಗಾದ ಮೇಲೆ ಅದು ಅದರಲ್ಲಿ ಬೆರೆತ ಹಾಗೆ ಕಾಣುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮೂರನೇ ದಿನ ಅಳುತ್ತಾ ಬರುತ್ತಾರೆ.

ಜೆಲ್ ಏನು ಮಾಡುತ್ತದೆ

ಬ್ಲೀಚಿಂಗ್ ಅಂದರೆ ಕೆರೆಯುವುದಲ್ಲ. ಹೈಡ್ರೋಜನ್ ಪೆರಾಕ್ಸೈಡ್ ತುಂಬಾ ಸಣ್ಣ ಅಣು. ಎನಾಮೆಲ್ ದಾಟಿ ಡೆಂಟಿನ್‌ಗೆ ಹೋಗಿ, ಬಣ್ಣ ಕೊಡುವ ದೊಡ್ಡ ಅಣುಗಳನ್ನು ಒಡೆದು ತಿಳಿ ಬಣ್ಣದವನ್ನಾಗಿ ಮಾಡುತ್ತದೆ. ಕೆಲವೇ ನಿಮಿಷದಲ್ಲಿ ಹಲ್ಲಿನ ನರವಿರುವ ಪಲ್ಪ್‌ಗೂ ಮುಟ್ಟುತ್ತದೆ. ಆಗ ಹಲ್ಲು ಜುಮ್ಮೆನ್ನುತ್ತದೆ.

ವೈದ್ಯರ ಕೈಯಲ್ಲಿ ಎರಡು ದಾರಿ ಇವೆ. ಒಂದು ಕ್ಲಿನಿಕ್‌ನಲ್ಲೇ ಮಾಡುವುದು. 25ರಿಂದ 40 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಜೆಲ್ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ತೆಗೆದು, ಮತ್ತೆ ಹಚ್ಚುವುದು. ಇದಕ್ಕೆ ಒಸಡಿನ ಅಂಚಿಗೆ ರೆಸಿನ್ (ಪ್ಲಾಸ್ಟಿಕ್‌ನಂಥ ಅಂಟು ವಸ್ತು) ತಡೆ ಹಾಕಿ ಲೈಟಿನಲ್ಲಿ ಗಟ್ಟಿ ಮಾಡಲೇಬೇಕು. ಯಾಕೆ ಅಂತ ನನಗೆ ಅರ್ಥವಾದದ್ದು ಒಮ್ಮೆ ಜೆಲ್ ಒರೆಸುವಾಗ ಗ್ಲೌಸ್‌ಗೆ ಸಣ್ಣ ತೂತಾಗಿ ತೋರುಬೆರಳಿಗೆ ತಾಗಿದಾಗ. ಮೊದಲು ಏನೂ ಅನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಚುರುಚುರು ಅಂದಿತು. ಗ್ಲೌಸ್ ಬಿಚ್ಚಿ ನೋಡಿದರೆ ಬೆರಳ ತುದಿ ಹಾಲಿನ ಹಾಗೆ ಬಿಳಿ. ತೊಳೆದು ಕೂತೆ, ಕೆಲವು ಗಂಟೆಯಲ್ಲಿ ಮಾಮೂಲಾಯಿತು. ಬೆರಳಿನ ದಪ್ಪ ಚರ್ಮಕ್ಕೇ ಹೀಗಾದರೆ ಒಸಡಿನ ಗತಿ ಏನು ಅಂತ ಅವತ್ತಿನಿಂದ ತಡೆ ಹಾಕುವಾಗ ಪ್ರತಿ ಹಲ್ಲಿನ ಸಂದಿಯನ್ನೂ ಕನ್ನಡಿಯಲ್ಲಿ ಎರಡು ಸಲ ನೋಡುತ್ತೇನೆ.

ನೀಲಿ ಲೈಟ್, ಲೇಸರ್ ಅಂತ ಜಾಸ್ತಿ ದುಡ್ಡು ಕೇಳುವುದುಂಟು. ಲೈಟ್ ಹಾಕಿದ್ದರಿಂದ ಕೊನೆಗೆ ಉಳಿಯುವ ಬಣ್ಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಬಿಸಿಗೆ ಹಲ್ಲು ಒಣಗಿ ಆಗ ಬೆಳ್ಳಗೆ ಕಾಣುತ್ತದೆ, ಒಂದೆರಡು ದಿನದಲ್ಲಿ ತೇವ ಎಳೆದುಕೊಂಡು ಸ್ವಲ್ಪ ಹಿಂದಕ್ಕೆ ಬರುತ್ತದೆ. ಅದಕ್ಕೇ ಶೇಡ್, ಅಂದರೆ ಹಲ್ಲಿನ ಬಣ್ಣ, ನೋಡುವುದು ಒದ್ದೆ ಹಲ್ಲಿನ ಮೇಲೆ, ಕಿಟಕಿಯ ಬೆಳಕಿನಲ್ಲಿ, ಚಿಕಿತ್ಸೆ ಶುರುವಾಗುವ ಮೊದಲು. ಹಲ್ಲಿನ ಬಣ್ಣಕ್ಕೆ ಹೋಲಿಸಿ ನೋಡುವ ಹದಿನಾರು ಪಟ್ಟಿಯ ವೀಟಾ ಶೇಡ್ ಗೈಡ್ ಇದೆಯಲ್ಲ, ಅದನ್ನು ಎ, ಬಿ, ಸಿ, ಡಿ ಕ್ರಮದಲ್ಲಿ ಅಲ್ಲ, ಬಿ1ರಿಂದ ಸಿ4ರ ತನಕ, ತಿಳಿ ಬಣ್ಣದಿಂದ ಗಾಢ ಬಣ್ಣದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಫೋಟೋ ತೆಗೆಯುವಾಗ ಪಟ್ಟಿಯನ್ನು ಹಲ್ಲಿನ ಪಕ್ಕದಲ್ಲೇ ಹಿಡಿಯಿರಿ.

ಎರಡನೆಯದು ಮನೆಯಲ್ಲಿ ಮಾಡಿಕೊಳ್ಳುವುದು, ಆದರೆ ವೈದ್ಯರ ಉಸ್ತುವಾರಿಯಲ್ಲಿ. ಹಲ್ಲಿನ ಅಚ್ಚು ತೆಗೆದು ತೆಳು ಟ್ರೇ ಮಾಡಿಕೊಡುತ್ತೇವೆ. ರಾತ್ರಿ ಅದರಲ್ಲಿ 10 ಪರ್ಸೆಂಟ್ ಕಾರ್ಬಮೈಡ್ ಪೆರಾಕ್ಸೈಡ್ ಹಾಕಿ ತೊಟ್ಟು ಮಲಗುವುದು. ಈ 10 ಪರ್ಸೆಂಟ್ ಒಡೆದರೆ ಸುಮಾರು 3.5 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಬರುತ್ತದೆ, ಉಳಿದದ್ದು ಯೂರಿಯಾ. ಈ ಪದ್ಧತಿಯನ್ನು ಹೇವುಡ್ ಮತ್ತು ಹೇಮನ್ 1989ರಲ್ಲಿ ಬರೆದು ಪ್ರಕಟಿಸಿದರು. ಎರಡು ವಾರದ ಆಸುಪಾಸು ಬೇಕು. ಟೆಟ್ರಾಸೈಕ್ಲಿನ್ ಹಲ್ಲಿಗೆ ತಿಂಗಳುಗಟ್ಟಲೆ. ನಿಧಾನ, ಆದರೆ ಜುಮ್ಮೆನ್ನುವುದು ಕಮ್ಮಿ. ಅವಸರ ಇಲ್ಲದವರಿಗೆ ನಾನು ಇದನ್ನೇ ಹೇಳುತ್ತೇನೆ.

ಖರ್ಚು

ಖಾಸಗಿ ಕ್ಲಿನಿಕ್‌ನಲ್ಲಿ ಸ್ಕೇಲಿಂಗ್ ಸಾವಿರದ ಆಸುಪಾಸು. ಟ್ರೇ ಮತ್ತು ಜೆಲ್ ಸೇರಿ ಐದರಿಂದ ಹತ್ತು ಸಾವಿರದ ಒಳಗೆ. ಕ್ಲಿನಿಕ್ ಬ್ಲೀಚಿಂಗ್ ಹತ್ತು ಸಾವಿರದ ಆಚೀಚೆ, ದೊಡ್ಡ ಊರಿನಲ್ಲಿ ಅದಕ್ಕಿಂತ ಜಾಸ್ತಿ. ವೆನೀರ್‌ನ ಲೆಕ್ಕ ಒಂದೊಂದು ಹಲ್ಲಿಗೆ ಸಾವಿರಗಟ್ಟಲೆ. ಇವು ಅಂದಾಜು ಮಾತ್ರ, ಹೋಗುವ ಕಡೆ ಕೇಳಿಯೇ ಮುಂದುವರಿಯಬೇಕು. ಡೆಂಟಲ್ ಕಾಲೇಜಿಗೆ ಬಂದರೆ ತುಂಬಾ ಕಮ್ಮಿಯಾಗುತ್ತದೆ. ದಾವಣಗೆರೆಯಲ್ಲಿ 1979ರಿಂದ ಬಾಪೂಜಿ ಡೆಂಟಲ್ ಕಾಲೇಜಿದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ. ಚಿತ್ರದುರ್ಗದಲ್ಲಿ ಎಸ್‌ಜೆಎಂ ಡೆಂಟಲ್ ಕಾಲೇಜಿದೆ. ಕಾಯಬೇಕಾಗುತ್ತದೆ, ಎರಡು ಮೂರು ಸಲ ಬರಬೇಕಾಗುತ್ತದೆ, ಅಷ್ಟೆ. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಇನ್ನು ಬಣ್ಣ ಶಾಶ್ವತವಲ್ಲ. ಟೀ, ಬೀಡಿ ಮುಂದುವರಿದರೆ ಬೇಗ ಹಿಂದಕ್ಕೆ ಬರುತ್ತದೆ. ಟ್ರೇ ಇಟ್ಟುಕೊಂಡವರು ಜೆಲ್ ಒಂದನ್ನೇ ಮತ್ತೆ ತೆಗೆದುಕೊಂಡರೆ ಸಾಕು.

ಯಾರಿಗೆ ಬೇಡ

ಹುಳುಕು ಹಲ್ಲು, ಬಿರುಕು ಹಲ್ಲು, ಸಡಿಲವಾದ ಫಿಲ್ಲಿಂಗ್ ಇದ್ದರೆ ಮೊದಲು ಅದನ್ನು ಸರಿ ಮಾಡಿ. ಇಲ್ಲದಿದ್ದರೆ ಜೆಲ್ ಸೀದಾ ನರಕ್ಕೆ ಇಳಿಯುತ್ತದೆ. ಬಸುರಿ, ಬಾಣಂತಿಯರಿಗೆ ಮುಂದೂಡಿ. ಹದಿನೆಂಟರ ಒಳಗಿನವರಿಗೆ ಬೇಡ. ಯುರೋಪ್ ಒಕ್ಕೂಟದ 2011ರ ನಿಯಮ ಹೀಗಿದೆ: 0.1 ಪರ್ಸೆಂಟ್ ಮೀರಿ 6ರ ತನಕದ ಪೆರಾಕ್ಸೈಡ್ ಪದಾರ್ಥವನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು, ಮೊದಲ ಬಳಕೆ ಅವರ ಕೈಯಲ್ಲೇ ಆಗಬೇಕು, ಹದಿನೆಂಟರ ಒಳಗಿನವರಿಗೆ ಕೊಡಬಾರದು. ಬ್ಯೂಟಿ ಪಾರ್ಲರ್‌ನಲ್ಲಿ ಹಲ್ಲಿಗೆ ಬ್ಲೀಚ್ ಹಾಕಿಸಿಕೊಳ್ಳುವ ಮೊದಲು ಇದನ್ನು ನೆನೆಸಿಕೊಳ್ಳಬೇಕು.

ಕ್ಯಾಪ್, ಫಿಲ್ಲಿಂಗ್ ಬೆಳ್ಳಗಾಗುವುದಿಲ್ಲ. ಸುತ್ತಲಿನ ಹಲ್ಲು ಬೆಳ್ಳಗಾಗಿ ಅದೊಂದೇ ಹಳದಿಯಾಗಿ ಉಳಿಯುತ್ತದೆ. ಹೊಸ ಫಿಲ್ಲಿಂಗ್ ಮಾಡುವುದಿದ್ದರೆ ಬ್ಲೀಚಿಂಗ್ ಆಗಿ ಎರಡು ವಾರ ಕಾಯಿರಿ. ಹಲ್ಲಿನಲ್ಲಿ ಉಳಿದ ಆಮ್ಲಜನಕ ರೆಸಿನ್ ಅಂಟಲು ಬಿಡುವುದಿಲ್ಲ. ಜುಮ್ಮೆನ್ನುವುದು ಸಾಮಾನ್ಯವಾಗಿ ಕೆಲವು ದಿನದಲ್ಲಿ ಹೋಗುತ್ತದೆ. ಪೊಟಾಶಿಯಂ ನೈಟ್ರೇಟ್ ಇರುವ ಪೇಸ್ಟ್ ಕೊಡಿ, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಜೆಲ್ ಹಾಕಲು ಹೇಳಿ.

ನಿಂಬೆಹಣ್ಣು ಸೋಡಾ ಉಜ್ಜುವುದು, ಇದ್ದಲು ಪುಡಿ, ಬೂದಿ ಇವನ್ನೆಲ್ಲ ದಯವಿಟ್ಟು ಬಿಡಿಸಿ. ಬಾಯಿಯ ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 5.5ರ ಕೆಳಗೆ ಇಳಿದರೆ ಎನಾಮೆಲ್ ಕರಗಲು ಶುರುವಾಗುತ್ತದೆ. ನಿಂಬೆರಸ 2ರಿಂದ 3ರ ನಡುವೆ ಇರುತ್ತದೆ. ಎನಾಮೆಲ್ ಸವೆದಷ್ಟೂ ಒಳಗಿನ ಹಳದಿ ಜಾಸ್ತಿ ಕಾಣುತ್ತದೆ.

ಜಗಳೂರಿನ ಹುಡುಗಿ

ಅವಳ ಮುಂದಿನ ನಾಲ್ಕು ಹಲ್ಲಿಗೆ ಅಡ್ಡಡ್ಡ ಬಿಳಿ ಗೆರೆ, ನಡುವೆ ಅಗಲವಾದ ಕಂದು ಪಟ್ಟೆ. ಗುಂಡಿ ಇರಲಿಲ್ಲ. ಮೊದಲು ಸ್ಕೇಲಿಂಗ್ ಮಾಡಿದೆವು. ಆಮೇಲೆ ಮೈಕ್ರೋಅಬ್ರೇಶನ್: 6.6 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಮ್ಲ, ಅದರ ಜೊತೆ ನುಣ್ಣನೆ ಪುಡಿ ಸೇರಿದ ಪೇಸ್ಟ್. ಹಲ್ಲು ಮಾತ್ರ ಹೊರಗುಳಿಯುವ ಹಾಗೆ ರಬ್ಬರ್ ಡ್ಯಾಮ್ (ರಬ್ಬರ್ ಹಾಳೆ) ಹಾಕಿ, ನಿಧಾನಕ್ಕೆ ತಿರುಗುವ ರಬ್ಬರ್ ಕಪ್ಪಿನಲ್ಲಿ ಉಜ್ಜಿ, ಪ್ರತಿ ನಿಮಿಷಕ್ಕೆ ತೊಳೆದು ನೋಡುತ್ತಿದ್ದೆ. ಎನಾಮೆಲ್‌ನ ಕೂದಲೆಳೆಯಷ್ಟು ಪದರ ಹೋಗುತ್ತದೆ, ಅದರ ಜೊತೆ ಮೇಲಿನ ಕಲೆಯೂ. ಅದಾದ ಮೇಲೆ ಟ್ರೇ ಕೊಟ್ಟೆವು.

ಮೂರು ವಾರಕ್ಕೆ ತಾಯಿ ಮಗಳು ಮತ್ತೆ ಬಂದರು. ಕಂದು ಪಟ್ಟೆ ತೆಳು ಜೇನಿನ ಬಣ್ಣಕ್ಕೆ ಇಳಿದಿತ್ತು. ಬಿಳಿ ಗೆರೆ ಪೂರ್ತಿ ಹೋಗಿರಲಿಲ್ಲ. ಹತ್ತಿರ ಹೋದರೆ ಕಾಣುತ್ತಿತ್ತು. ಕನ್ನಡಿ ಕೊಟ್ಟೆ. ತುಂಬಾ ಹೊತ್ತು ನೋಡಿಕೊಂಡಳು. ವೇಲು ಭುಜದ ಮೇಲೇ ಇತ್ತು.

ತಾಯಿ ಆಗ ಬೇರೆ ಪ್ರಶ್ನೆ ಕೇಳಿದರು. "ನನ್ನ ಮೊಮ್ಮಗನಿಗೆ ನಾಲ್ಕು ವರ್ಷ. ಅವನಿಗೂ ಹಿಂಗೇ ಆಗುತ್ತೇನ್ರಿ?"

ಅವನ ಮುಂದಿನ ಹಲ್ಲು ಈಗ ಒಸಡಿನ ಒಳಗೆ ತಯಾರಾಗುತ್ತಿವೆ ಅಂತ ಹೇಳಿದೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ಕೊಡಿ ಅಂದೆ. "ಬೋರ್ ನೀರು ಕಾಯಿಸಿ ಕೊಟ್ರೆ?" ಅಂದರು. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ.

"ಮತ್ತೆ ಸಾರಿಗೆ, ಅನ್ನಕ್ಕೆ?"

"ಅದಕ್ಕೂ ಘಟಕದ ನೀರೇ ಹಾಕ್ರಿ ಅಮ್ಮಾ," ಅಂದೆ. ದಿನಕ್ಕೆ ಇನ್ನೊಂದು ಕ್ಯಾನ್ ಬೇಕಾಗುತ್ತೆ ಅಂತ ಬೆರಳಲ್ಲೇ ಲೆಕ್ಕ ಹಾಕಿಕೊಂಡು ಎದ್ದರು.