ಬೆನ್ನು ನೋವಿನ ಕುದುರೆ ಬಂದರೆ ಮೊದಲು ಕಾಲು ನೋಡುತ್ತೇನೆ

“ಡಾಕ್ಟ್ರೇ, ಜೀನು ತಂದರೆ ಸಾಕು, ಕಿವಿ ಹಿಂದಕ್ಕೆ ಮಡಚಿ ಕಚ್ಚೋಕೆ ಬರುತ್ತೆ. ಆಗಾಗ ಕುಂಟುತ್ತೆ, ಯಾವ ಕಾಲು ಅಂತ ಮಾತ್ರ ಗೊತ್ತಾಗ್ತಿಲ್ಲ. ಬೆನ್ನಿಗೆ ಒಂದು ಇಂಜೆಕ್ಷನ್ ಕೊಟ್ಬಿಡಿ.”

ಇಂಥ ಕುದುರೆ ಬಂದಾಗ ನಾನು ಗೊರಸಿನಿಂದ ಶುರು ಮಾಡುತ್ತೇನೆ. ಕೆಲವು ಮಾಲೀಕರಿಗೆ ಸಿಟ್ಟೂ ಬರುತ್ತದೆ. ಆದರೆ ಹಿಂಗಾಲು ನೋಯುವ ಕುದುರೆ ಆ ಕಾಲಿನ ಮೇಲೆ ಪೂರ್ತಿ ಭಾರ ಬಿಡದೆ, ಬೆನ್ನು ಬಿಗಿ ಹಿಡಿದು ನಡೆಯುತ್ತದೆ. ವಾರಗಟ್ಟಲೆ ಹೀಗೆ ನಡೆದರೆ ಬೆನ್ನು ನೋಯದೆ ಇರುತ್ತದಾ? ಕಾಲು ಬಿಟ್ಟು ಬೆನ್ನಿಗೆ ಮಾತ್ರ ಮಸಾಜ್ ಮಾಡಿಸಿದರೆ ಎರಡು ದಿನ ಆರಾಮ, ಆಮೇಲೆ ಅದೇ ಕಥೆ.

ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್, ಅಂದರೆ ನಡಿಗೆಗಿಂತ ಚುರುಕಾದ ಸಣ್ಣ ಓಟ, ಮಾಡಿಸಿ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರುವಾಗ ತಲೆ ಮೇಲೇಳುತ್ತದೆ, ಚೆನ್ನಾಗಿರುವ ಕಾಲು ಊರುವಾಗ ಕೆಳಗಿಳಿಯುತ್ತದೆ. ಜಾಸ್ತಿ ಜನ ಇದನ್ನು ಉಲ್ಟಾ ಓದುತ್ತಾರೆ. ಹಿಂಗಾಲಿಗಾದರೆ ಹಿಂದೆ ನಿಂತು ಸೊಂಟದ ಎರಡು ಬದಿ ನೋಡಬೇಕು. ನೋವಿರುವ ಬದಿ ಸಾಮಾನ್ಯವಾಗಿ ಜಾಸ್ತಿ ಮೇಲೆ ಕೆಳಗೆ ಆಡುತ್ತದೆ. ಎರಡೂ ಹಿಂಗಾಲು ಒಂದೇ ಸಮ ನೋಯುತ್ತಿದ್ದರೆ ಕುಂಟು ಕಾಣಿಸುವುದೇ ಕಷ್ಟ. ಹೆಜ್ಜೆ ಚಿಕ್ಕದಾಗುತ್ತದೆ, ಕ್ಯಾಂಟರ್ (ಟ್ರಾಟ್‌ಗಿಂತ ಜೋರಾದ ಓಟ) ಬೇಡ ಅನ್ನುತ್ತದೆ. ಪಾಪ, ಸೋಮಾರಿ ಅನ್ನಿಸಿಕೊಳ್ಳುವುದು ಇವೇ.

ಜೀನು ಯಾವಾಗಲೂ ಒಂದೇ ಕಡೆ ಜಾರುತ್ತಿದ್ದರೆ ಎಲ್ಲರೂ ಸವಾರನನ್ನೋ ಜೀನನ್ನೋ ಬೈಯುತ್ತಾರೆ. ಅದು ಹಿಂಗಾಲಿನ ನೋವಿನ ಗುರುತೂ ಆಗಿರಬಹುದು. ಇಂಥ ಕುದುರೆಯ ಕಾಲಿಗೆ ಕೆಳಗಿನಿಂದ ಮೇಲಕ್ಕೆ, ಇಂಜೆಕ್ಷನ್ ಕೊಟ್ಟು ಒಂದೊಂದೇ ಜಾಗ ಮರಗಟ್ಟಿಸುತ್ತಾ ಬರುತ್ತೇವೆ. ಪ್ರತಿ ಸಲ ಸ್ವಲ್ಪ ಹೊತ್ತು ಕಾದು, ಮತ್ತೆ ಟ್ರಾಟ್. ನೋವಿನ ಜಾಗ ಮರಗಟ್ಟಿದ ಮೇಲೆ ಅದೇ ಸವಾರ, ಅದೇ ಜೀನು ಇಟ್ಟುಕೊಂಡು ಒಂದು ಸುತ್ತು ಹಾಕಿಸಿದರೆ ಜೀನು ನಡುವಿನಲ್ಲೇ ಕೂತಿರುತ್ತದೆ. ಬೈದವರು ಆಮೇಲೆ ಮಾತಾಡುವುದಿಲ್ಲ!

ಹಾಗಂತ ಬೆನ್ನಲ್ಲೇ ತೊಂದರೆ ಇರುವುದಿಲ್ಲ ಅಂತಲ್ಲ. ಕುದುರೆಗೆ ಸಾಮಾನ್ಯವಾಗಿ ಪಕ್ಕೆಲುಬಿಗೆ ಅಂಟಿದ 18 ಬೆನ್ನುಮೂಳೆಗಳಿವೆ. ಕೊನೆಯ ಐದಾರು ಮೂಳೆಗಳ ಮೇಲ್ಗಡೆಯ ಚಾಚುಗಳು ಕೆಲವು ಕುದುರೆಗಳಲ್ಲಿ ಒಂದಕ್ಕೊಂದು ತಾಗುತ್ತವೆ. ಜೀನು ಕೂರುವುದೂ ಹೆಚ್ಚುಕಮ್ಮಿ ಅಲ್ಲೇ. ಆದರೆ ಎಕ್ಸ್‌ರೇಯಲ್ಲಿ ಹೀಗೆ ಕಂಡ ತಕ್ಷಣ ಅದೇ ಕಾರಣ ಅಂತ ತೀರ್ಮಾನ ಮಾಡಬಾರದು. ನೋವೇ ಇಲ್ಲದ ಕುದುರೆಗಳಲ್ಲೂ ಇದು ಸಿಗುತ್ತದೆ. ಆ ಜಾಗ ಮರಗಟ್ಟಿಸಿ, ಮತ್ತೆ ಸವಾರಿ ಮಾಡಿಸಿ ವ್ಯತ್ಯಾಸ ನೋಡಿಯೇ ಹೇಳಬೇಕು. ಹೊಟ್ಟೆಪಟ್ಟಿ ಬಿಗಿಯುವಾಗ ಮಾತ್ರ ಸಿಡುಕುವ ಕುದುರೆಗೆ ಜಠರದ ಹುಣ್ಣೂ ಇರಬಹುದು, ಮರೆಯಬೇಡಿ.

“ನೋವಿನ ಮಾತ್ರೆ ಕೊಟ್ಟು ನೋಡಿದ್ವಿ, ಏನೂ ಬದಲಾಗಲಿಲ್ಲ. ಇದು ಬರೀ ಹಟ” ಅನ್ನುವವರಿದ್ದಾರೆ. ಮಾತ್ರೆಗೆ ಬಗ್ಗಿದರೆ ನೋವಿತ್ತು ಅಂತ ಹೇಳಬಹುದು. ಬಗ್ಗದಿದ್ದರೆ ನೋವಿಲ್ಲ ಅಂತ ಹೇಳಲು ಬರುವುದಿಲ್ಲ. ಅದಕ್ಕಿಂತ ಸವಾರಿಯ ವಿಡಿಯೋ ಮಾಡಿ ತನ್ನಿ. ಪಶುವೈದ್ಯೆ ಸ್ಯೂ ಡೈಸನ್ ಮತ್ತು ಜೊತೆಗಾರರು ಸವಾರಿಯ ಹೊತ್ತಿನ 24 ವರ್ತನೆಗಳ ಪಟ್ಟಿ ಮಾಡಿದ್ದಾರೆ. ಕಿವಿ ಹಿಂದಕ್ಕಿಡುವುದು, ಪದೇ ಪದೇ ಬಾಯಿ ತೆರೆಯುವುದು, ಬಾಲ ಬೀಸುವುದು, ಎಡವುವುದು ಇಂಥವು. 8 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಮೂಳೆ, ಕೀಲು, ಸ್ನಾಯುಗಳಲ್ಲಿ ನೋವಿರುವ ಸಾಧ್ಯತೆ ಹೆಚ್ಚು.

ಇದ್ದಕ್ಕಿದ್ದಂತೆ ಕಾಲು ಊರಲೇ ಆಗದಿದ್ದರೆ ಈ ನಿಧಾನದ ಲೆಕ್ಕ ಬೇಡ. ಗೊರಸಿನೊಳಗೆ ಕೀವು ತುಂಬಿರುವುದೇ ಹೆಚ್ಚು, ಆದರೆ ಮೂಳೆ ಮುರಿದರೂ ಹೀಗೇ ಕಾಣುತ್ತದೆ. ನಡೆಸಿ ನೋಡಬೇಡಿ, ನಿಂತಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಸಿ.

ಕಾರಣ ಸಿಕ್ಕಿ ಕಾಲು ವಾಸಿಯಾದ ಮೇಲೂ ಸೊರಗಿದ ಬೆನ್ನಿನ ಸ್ನಾಯು ತುಂಬಲು ಸಮಯ ಬೇಕು. ಸವಾರನಿಲ್ಲದೆ ನಡಿಗೆ, ನೆಲದ ಮೇಲಿಟ್ಟ ಕಂಬ ದಾಟಿಸುವುದು, ನಿಧಾನವಾಗಿ ಕೆಲಸ ಹೆಚ್ಚಿಸುವುದು. ಸ್ನಾಯು ತುಂಬುತ್ತಾ ಬಂದಂತೆ ಬೆನ್ನಿನ ಆಕಾರವೂ ಬದಲಾಗುತ್ತದೆ. ಹಾಗಾಗಿ ಹಳೇ ಜೀನನ್ನು ಸುಮ್ನೆ ಎತ್ತಿ ಹಾಕದೆ, ಸರಿಯಾಗಿ ಕೂರುತ್ತದಾ ಅಂತ ಮತ್ತೆ ನೋಡಿಸಿ.