ಮೊದಲ ಸ್ಕ್ಯಾನ್ ಸರಿಯಿದ್ದ ಮೇಲೆ ಎರಡನೆಯದು ಏಕೆ?

ಪ್ರಶ್ನೆ: ನಮ್ಮ ಮಗಳು 29ನೇ ವಾರಕ್ಕೇ ಹುಟ್ಟಿದಳು. ಮೂರನೆಯ ದಿನ ತಲೆಯ ಸ್ಕ್ಯಾನ್ ಮಾಡಿ, ಏನೂ ತೊಂದರೆಯಿಲ್ಲ ಎಂದರು. ಈಗ ಅವಳಿಗೆ ಒಂದು ತಿಂಗಳು ತುಂಬುತ್ತಿದ್ದಂತೆ ಮತ್ತೆ ಮಾಡಬೇಕಂತೆ. ಎಳೆಯ ನೆತ್ತಿಯ ಮೇಲೆ ಹೀಗೆ ಪದೇ ಪದೇ ಯಂತ್ರ ಇಡಬಹುದೇ?

ಉತ್ತರ: ಇಡಬಹುದು. ಇದು ಶಬ್ದತರಂಗದಿಂದ ಚಿತ್ರ ತೆಗೆಯುವ ಅಲ್ಟ್ರಾಸೌಂಡ್ ಸ್ಕ್ಯಾನ್. ಅಜ್ಜಿಯರು ಹರಳೆಣ್ಣೆ ಇಡುವ ಆ ಮಿಡಿಯುವ ಜಾಗದಲ್ಲಿ ಮೂಳೆ ಕೂಡಿಲ್ಲವೇ ಹೊರತು, ಚರ್ಮದಡಿ ಗಟ್ಟಿಯಾದ ಪೊರೆಯಿದೆ. ಶಬ್ದತರಂಗಕ್ಕೆ ಮೂಳೆ ದಾಟುವುದು ಕಷ್ಟ. ಆದ್ದರಿಂದಲೇ ನೆತ್ತಿಯ ಮೂಲಕ ನೋಡುವುದು. ಎಕ್ಸ್‌ರೇಯಂಥ ವಿಕಿರಣವಿಲ್ಲ, ಮಂಪರು ಬರಿಸಬೇಕಿಲ್ಲ, ಮಗುವನ್ನು ಮಲಗಿದಲ್ಲಿಂದ ಎತ್ತಬೇಕಾಗಿಯೂ ಇಲ್ಲ. ಎಣ್ಣೆ ತಟ್ಟುವ ಅಜ್ಜಿಯ ಅಂಗೈ ಇದಕ್ಕಿಂತ ಜೋರಾಗಿ ಬೀಳುತ್ತದೆ!

ಇನ್ನು ಎರಡನೆಯ ಸ್ಕ್ಯಾನಿನ ವಿಷಯ. ಎರಡೂ ಸಲ ವೈದ್ಯರು ಹುಡುಕುವುದು ಒಂದನ್ನೇ ಅಲ್ಲ.

ಮಿದುಳಿನೊಳಗೆ ದ್ರವ ತುಂಬಿದ ಕುಹರಗಳಿವೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನಲ್ಲಿ ಅವುಗಳ ಅಂಚಿಗೆ ಬಲು ತೆಳುವಾದ ರಕ್ತನಾಳಗಳ ಹಾಸು ಇರುತ್ತದೆ. ಗರ್ಭದಲ್ಲೇ ಉಳಿದಿದ್ದರೆ ಹೆರಿಗೆಯ ಹೊತ್ತಿಗೆ ಅದು ಕರಗಿಹೋಗುತ್ತಿತ್ತು. ಬೇಗ ಹೊರಬಂದ ಮಗುವಿನ ಉಸಿರಾಟ, ರಕ್ತದೊತ್ತಡ ಏರಿಳಿದಾಗ ಈ ನಾಳಗಳು ಒಡೆಯಬಹುದು. ಇಂಥ ರಕ್ತಸ್ರಾವದಲ್ಲಿ ಬಹುಪಾಲು ಮೊದಲ ಮೂರು ದಿನಗಳಲ್ಲೇ ಆಗುತ್ತದೆ. ನಿಮ್ಮ ಮಗುವಿಗೆ ಅದು ಆಗಿಲ್ಲ ಎಂದು ಮೊದಲ ಸ್ಕ್ಯಾನ್ ಹೇಳಿತು. ಆಗಿದ್ದರೆ ಅದರ ತೀವ್ರತೆಗೆ ತಕ್ಕಂತೆ 1ರಿಂದ 4ರವರೆಗಿನ ಗ್ರೇಡ್ ಬರೆಯುತ್ತಿದ್ದರು. 1978ರಿಂದ ಬಳಕೆಯಲ್ಲಿರುವ ಅಳತೆ ಅದು.

ಇನ್ನೊಂದು ಹಾನಿ ಇಷ್ಟು ಬೇಗ ಮುಖ ತೋರಿಸುವುದಿಲ್ಲ. ಕುಹರಗಳ ಸುತ್ತಲಿನ ಬಿಳಿ ಭಾಗಕ್ಕೆ ರಕ್ತ, ಆಮ್ಲಜನಕ ಸಾಲದೆ ಪೆಟ್ಟು ಬಿದ್ದಿದ್ದರೂ ಆರಂಭದಲ್ಲಿ ಚಿತ್ರ ಮಾಮೂಲಿಯಾಗಿಯೇ ಕಾಣಬಹುದು. ಸತ್ತ ಜೀವಕೋಶಗಳ ಜಾಗದಲ್ಲಿ ಸಣ್ಣ ಗುಳ್ಳೆಗಳಂಥ ಪೊಳ್ಳುಗಳು ಮೂಡಲು ಎರಡರಿಂದ ನಾಲ್ಕು ವಾರ ಬೇಕು. ಮೂರನೆಯ ದಿನದ ಸ್ಕ್ಯಾನಿನಲ್ಲಿ ಅದನ್ನು ಹುಡುಕುವುದು, ಬಿತ್ತಿದ ಮರುದಿನವೇ ಮೊಳಕೆ ನೋಡಲು ಹೋದಂತೆ. ಹೆರಿಗೆಗೆ ಮೊದಲು ಕೊಟ್ಟಿದ್ದ ದಿನಾಂಕದ ಸುಮಾರಿಗೆ ಮೂರನೆಯ ಸ್ಕ್ಯಾನ್ ಹೇಳಿದರೂ ಗಾಬರಿಯಾಗಬೇಡಿ.

ಈ ವಿಧಾನಕ್ಕೂ ಮಿತಿಯಿದೆ. ಮಿದುಳಿನ ಹೊರಮೈ, ಹಿಂಭಾಗದ ಕಿರುಮಿದುಳಿನ ಸಣ್ಣ ಹಾನಿ ಇದರ ಕಣ್ಣು ತಪ್ಪಬಹುದು. ಅನುಮಾನವಿದ್ದರೆ ಎಂಆರ್‌ಐ ಮಾಡಿಸುತ್ತಾರೆ. ವರದಿ ಚೆನ್ನಾಗಿದ್ದರೂ ಬೆಳವಣಿಗೆಯ ತಪಾಸಣೆ ತಪ್ಪಿಸಬೇಡಿ. ಮಗಳು ಕತ್ತು ನಿಲ್ಲಿಸಿದಳೇ, ಕುಳಿತಳೇ ಎಂದು ಲೆಕ್ಕ ಹಾಕುವಾಗ ಹುಟ್ಟಿದ ದಿನದಿಂದ ಎಣಿಸದೆ, ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಿ.